ಡ್ರೀಮ್‌ಕಾಸ್ಟ್ ಮತ್ತು ನಕಲಿ ಆಟಗಳು

ಡ್ರೀಮ್‌ಕಾಸ್ಟ್: ಜಪಾನಿನ ಸೇಗಾ ಕಂಪನಿ 1998ರ ನವೆಂಬರ್ 27ರಂದು ಬಿಡುಗಡೆ ಮಾಡಿದ ವಿಡಿಯೊ ಗೇಮ್ ಕನ್ಸೋಲ್. ಇದರ ಆಟಗಳಿದ್ದ, ಸುಮಾರು 1 ಗಿಗಾಬೈಟ್ ಹಿಡಿಸುವ ಜಿಡಿ-ರಾಮ್ ಡಿಸ್ಕನ್ನು ಸಾಮಾನ್ಯ ಸಿಡಿ ಡ್ರೈವ್ ಪೂರ್ತಿ ಓದಲಾರದು. ನಕಲು ತಡೆಗೆ ಅದೇ ನೆಚ್ಚಿಕೆ. ಆದರೆ ಸಂಗೀತದ ಸಿಡಿಗಳಿಗೆ ದೃಶ್ಯ ಸೇರಿಸಲೆಂದು ಕೊಟ್ಟಿದ್ದ ‘ಮಿಲ್-ಸಿಡಿ’ ಸೌಲಭ್ಯವೇ ಕಳ್ಳಗಿಂಡಿಯಾಯಿತು. 2000ದಲ್ಲಿ, ಯಂತ್ರವನ್ನು ಬಿಚ್ಚದೆಯೇ, ಮನೆಯಲ್ಲಿ ಬರೆದ ಸಿಡಿಗಳು ಓಡತೊಡಗಿದವು. 2001ರ ಜನವರಿಯಲ್ಲಿ ಉತ್ಪಾದನೆ ನಿಲ್ಲಿಸುವ ಘೋಷಣೆ ಹೊರಬಿತ್ತು.

ಕನ್ಸೋಲನ್ನು ಮುಳುಗಿಸಿದ್ದು ನಕಲಿಯೇ ಎಂಬ ಮಾತು ಜನಪ್ರಿಯ, ಆದರೆ ದುರ್ಬಲ. ಸೇಗಾದ ಹಿಂದಿನ ಕನ್ಸೋಲ್ ಸ್ಯಾಟರ್ನ್ ತಂದ ನಷ್ಟ, ಆಟಗಳ ಪ್ರಕಾಶಕ ಎಲೆಕ್ಟ್ರಾನಿಕ್ ಆರ್ಟ್ಸ್‌ನ ಅಸಹಕಾರ, ಡಿವಿಡಿ ಸಿನಿಮಾವನ್ನೂ ತೋರಿಸುವ ಪ್ರತಿಸ್ಪರ್ಧಿ ಕನ್ಸೋಲ್ ಪ್ಲೇಸ್ಟೇಷನ್ 2ರ ಆಕರ್ಷಣೆ ಹೆಚ್ಚು ಭಾರವಾಗಿದ್ದವು. ಮೇಲಾಗಿ, ನಕಲು ತಡೆಯನ್ನು ದಾಟಿಸುವ ಮಾಡ್‌ಚಿಪ್ ಹಾಕಿ ನಕಲಿ ಆಟಗಳನ್ನು ಧಾರಾಳವಾಗಿ ಆಡಲಾದ ಮೊದಲ ಪ್ಲೇಸ್ಟೇಷನ್ 10 ಕೋಟಿಗೂ ಮೀರಿ ಮಾರಾಟವಾಯಿತು. ಡ್ರೀಮ್‌ಕಾಸ್ಟ್ 1 ಕೋಟಿಯನ್ನೂ ಮುಟ್ಟಲಿಲ್ಲ.