ಎದೆಯ ಸದ್ದು, ಉಸಿರಿನ ಲೆಕ್ಕ

ಡಬ್ಬದಲ್ಲಿ ಎಣ್ಣೆ ಎಷ್ಟು ಉಳಿದಿದೆ ಎಂದು ತಿಳಿಯಲು ನೀವು ಮುಚ್ಚಳ ತೆಗೆಯಬೇಕಾಗಿಲ್ಲ. ಹೊರಗಿನಿಂದ ಬೆರಳಿನಲ್ಲಿ ತಟ್ಟುತ್ತ ಬಂದರೆ ಸಾಕು. ಖಾಲಿ ಭಾಗದ ಸದ್ದು ಬೇರೆ, ತುಂಬಿದ ಭಾಗದ್ದು ಬೇರೆ. ಆಸ್ಟ್ರಿಯದ ಗ್ರಾಜ್ ಪಟ್ಟಣದ ವಸತಿಗೃಹವೊಂದರ ಯಜಮಾನನ ಮಗ ಲಿಯೋಪೋಲ್ಡ್ ಆವೆನ್‌ಬ್ರುಗರ್ ವೈದ್ಯನಾದ ಮೇಲೆ ಇದೇ ಉಪಾಯವನ್ನು ರೋಗಿಗಳ ಎದೆಯ ಮೇಲೆ ಪ್ರಯೋಗಿಸಿದ. (ತಂದೆ ಪೀಪಾಯಿ ತಟ್ಟುವುದನ್ನು ಕಂಡು ಇದು ಹೊಳೆಯಿತೆಂಬ ಕತೆಯುಂಟು.) ಆರೋಗ್ಯವಂತನ ಎದೆ ದಪ್ಪ ಬಟ್ಟೆ ಹೊದಿಸಿದ ಡೋಲಿನಂತೆ ನುಡಿಯುತ್ತದೆ. ನ್ಯುಮೋನಿಯದಲ್ಲಿ ಗಾಳಿಗೂಡುಗಳಲ್ಲಿ ಕೀವು, ದ್ರವ ತುಂಬಿ ಪುಪ್ಪುಸ ಗಟ್ಟಿಯಾದ ಕಡೆ ಸದ್ದು ಮಂದವಾಗುತ್ತದೆ. 1761ರಲ್ಲಿ ವಿಯೆನ್ನದಲ್ಲಿ ಅವನು ಪ್ರಕಟಿಸಿದ ಪುಟ್ಟ ಲ್ಯಾಟಿನ್ ಪುಸ್ತಕವನ್ನು ಗಮನಿಸಿದವರು ಕಡಿಮೆ. ನೆಪೋಲಿಯನ್ನನ ವೈದ್ಯ ಕಾರ್ವಿಸಾರ್ ಅದನ್ನು ಫ್ರೆಂಚಿಗೆ ತಂದದ್ದು 1808ರಲ್ಲಿ. ಮರುವರ್ಷವೇ ಆವೆನ್‌ಬ್ರುಗರ್ ತೀರಿಕೊಂಡ.

1816ರಲ್ಲಿ ಪ್ಯಾರಿಸ್ಸಿನ ಲೆನೆಕ್, ತರುಣಿಯೊಬ್ಬಳ ಎದೆಗೆ ಕಿವಿಯಿಡಲು ಸಂಕೋಚವಾಗಿ, ಕಾಗದವನ್ನು ಸುರುಳಿ ಸುತ್ತಿ ಆಲಿಸಿದ. ಸ್ಟೆತಾಸ್ಕೋಪು ಹುಟ್ಟಿದ್ದು ಹೀಗೆ. ನ್ಯುಮೋನಿಯದ ಆರಂಭದಲ್ಲಿ ಕೇಳುವ ಚಿಟಪಟ ಸದ್ದನ್ನು ಅವನು ಕಾದ ಪಾತ್ರೆಯಲ್ಲಿ ಸಿಡಿಯುವ ಉಪ್ಪಿಗೆ ಹೋಲಿಸಿದ.

ಇಲ್ಲೊಂದು ಸ್ವಾರಸ್ಯವಿದೆ. ಶಬ್ದದ ವೇಗ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್, ನೀರಿನಲ್ಲಿ ಸುಮಾರು 1500 ಮೀಟರ್. ಗಾಳಿಯೂ ಅಂಗಾಂಶವೂ ಬೆರೆತ ಪುಪ್ಪುಸದಲ್ಲಿ? ಎರಡರ ನಡುವಿನ ಬೆಲೆಯನ್ನು ನೀವು ಊಹಿಸಿದರೆ ತಪ್ಪಾದೀತು. ಅದು ಬರೀ 30ರಿಂದ 60 ಮೀಟರ್! ವೇಗವು ಸ್ಥಿತಿಸ್ಥಾಪಕತ್ವವನ್ನು ಸಾಂದ್ರತೆಯಿಂದ ಭಾಗಿಸಿದಾಗ ಬರುವುದರ ವರ್ಗಮೂಲವಲ್ಲವೆ? ಪುಪ್ಪುಸ ಗಾಳಿಯಂತೆ ಸುಲಭವಾಗಿ ಕುಗ್ಗುತ್ತದೆ, ಆದರೆ ಗಾಳಿಗಿಂತ ನೂರಾರು ಪಟ್ಟು ಸಾಂದ್ರ. ಈ ನೊರೆಯಂಥ ಮಾಧ್ಯಮದಲ್ಲಿ ಹೆಚ್ಚು ಆವೃತ್ತಿಯ ಶಬ್ದ ಬೇಗ ಕ್ಷೀಣಿಸುತ್ತದೆ. ಪುಪ್ಪುಸ ಗಟ್ಟಿಯಾದಾಗ ಆ ತಡೆ ಹೋಗಿ, ಶ್ವಾಸನಾಳದ ಸದ್ದು ಎದೆಯ ಗೋಡೆಯವರೆಗೆ ಸ್ಪಷ್ಟವಾಗಿ ಬರುತ್ತದೆ.

ರೋಗ ಗುರುತಿಸಿದ್ದಾಯಿತು, ಚಿಕಿತ್ಸೆ? ರಕ್ತ ತೆಗೆಯುವುದು! ಪ್ಯಾರಿಸ್ಸಿನವನೇ ಆದ ಪಿಯರ್ ಲೂಯಿ 77 ನ್ಯುಮೋನಿಯ ರೋಗಿಗಳ ಲೆಕ್ಕವಿಟ್ಟ. 1835ರ ಅವನ ಪುಸ್ತಕದ ಪ್ರಕಾರ, ಮೊದಲ ನಾಲ್ಕು ದಿನಗಳಲ್ಲೇ ರಕ್ತ ತೆಗೆಸಿಕೊಂಡ 41 ಮಂದಿಯಲ್ಲಿ 18 ಮಂದಿ ಸತ್ತರು; ತಡವಾಗಿ ತೆಗೆಸಿಕೊಂಡ 36 ಮಂದಿಯಲ್ಲಿ 9 ಮಂದಿ. ಸಂಖ್ಯೆ ಸಣ್ಣದು, ಗುಂಪುಗಳೂ ಸಮಾನವಲ್ಲ. ಆದರೂ ಗುರುಗಳ ಮಾತಿಗೆ ಬದಲಾಗಿ ಎಣಿಕೆಯನ್ನು ಮುಂದಿಟ್ಟನಲ್ಲ, ನನಗೆ ಅದೇ ದೊಡ್ಡದಾಗಿ ಕಾಣುತ್ತದೆ.

ನಿಜವಾದ ಔಷಧಗಳು ಬಂದದ್ದು ಸಲ್ಫಾಪಿರಿಡೀನ್ (1938), ಆಮೇಲೆ ಪೆನಿಸಿಲಿನ್ ಮೂಲಕ. ಈಗ ಬೇರೆ ತೊಡಕು: ವೈದ್ಯರೇ ಇಲ್ಲದ ಹಳ್ಳಿಯಲ್ಲಿ ಕೆಮ್ಮುವ ನೂರು ಮಕ್ಕಳ ನಡುವೆ ನ್ಯುಮೋನಿಯದ ಮಗುವನ್ನು ಗುರುತಿಸುವವರು ಯಾರು? ಪಪುವ ನ್ಯೂಗಿನಿಯಲ್ಲಿ ಫ್ರಾಂಕ್ ಶಾನ್ ಮತ್ತು ಸಂಗಡಿಗರು 1984ರಲ್ಲಿ ಉತ್ತರ ಕೊಟ್ಟರು: ಉಸಿರನ್ನು ಎಣಿಸಿ, ಪಕ್ಕೆಗಳ ಕೆಳಭಾಗ ಒಳಕ್ಕೆ ಸೆಳೆಯುವುದೇ ನೋಡಿ. ಪೆಡಸಾದ ಪುಪ್ಪುಸವನ್ನು ಪೂರ್ತಿ ಹಿಗ್ಗಿಸಲಾಗದ ಮಗು ಚಿಕ್ಕ ಉಸಿರುಗಳನ್ನು ಬೇಗ ಬೇಗ ಎಳೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಹೀಗಿದೆ: 2 ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಹೆಚ್ಚು. ಪಕ್ಕೆ ಸೆಳೆತವಿದ್ದರೆ, ಮಗು ಹಾಲು ಕುಡಿಯದಿದ್ದರೆ ತಡಮಾಡದೆ ವೈದ್ಯರ ಬಳಿ ಒಯ್ಯಬೇಕು.

ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ದಂಪತಿ ಇದನ್ನು ಸೂಲಗಿತ್ತಿಯರಿಗೂ ಕಲಿಸಿದರು. ಐವತ್ತರವರೆಗೆ ಎಣಿಸಲು ಬಾರದವರಿಗೆ ಒಂದು ನಿಮಿಷದ ಮರಳುಗಡಿಯಾರ ಮತ್ತು ಮಣಿಗಳ ಸಾಲಿನ ಉಪಕರಣ ರೂಪಿಸಿದರು. ಹತ್ತು ಉಸಿರಿಗೆ ಒಂದು ಮಣಿ ಸರಿಸುವುದು. ಮರಳು ಮುಗಿಯುವ ಮೊದಲೇ ಕೆಂಪು ಮಣಿ ಬಂದರೆ ನ್ಯುಮೋನಿಯ. ಔಷಧವೂ ಅವರ ಕೈಯಲ್ಲೇ. ಆ ಹಳ್ಳಿಗಳಲ್ಲಿ ಮಕ್ಕಳ ನ್ಯುಮೋನಿಯ ಸಾವು ಇಳಿದ ವರದಿ 1990ರಲ್ಲಿ ಪ್ರಕಟವಾಯಿತು.

ಜ್ವರ, ಉಬ್ಬಸಗಳಲ್ಲೂ ಉಸಿರು ವೇಗವಾಗುವುದರಿಂದ ಈ ಪರೀಕ್ಷೆ ಕೆಲವೊಮ್ಮೆ ತಪ್ಪು ಹೇಳುತ್ತದೆ. ನೀವು ಎಣಿಸುವಾಗ ಮಗು ಅಳುತ್ತಿರಬಾರದು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವ ಆತುರವೂ ಬೇಡ. ಒಂದು ಉಸಿರಿನ ತಪ್ಪು ಎರಡಾಗುತ್ತದೆ, 48 ಹೋಗಿ 50 ಆಗಿಬಿಡುತ್ತದೆ.