ಬಳ್ಳಿಗಾವಿಯಿಂದ ಉತ್ತಂಗಿಯವರೆಗೆ: ಕನ್ನಡ ನಾಡಿನಲ್ಲಿ ಸುವಾರ್ತೆ ಸಾರಿದ ಬಗೆಗಳು

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ಸೀಮೆಯಲ್ಲಿ ಧರ್ಮಗಳು ಎದುರುಬದುರು ಕೂತು ಮಾತಾಡಿದ ಇತಿಹಾಸ ಕ್ರೈಸ್ತ ಮಿಷನರಿಗಳಿಗಿಂತ ಶತಮಾನಗಳಷ್ಟು ಹಳೆಯದು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 11 ಮತ್ತು 12ನೆಯ ಶತಮಾನಗಳಲ್ಲಿ ಶೈವ, ವೈಷ್ಣವ, ಜೈನ, ಬೌದ್ಧ ನೆಲೆಗಳು ಒಂದೇ ಪಟ್ಟಣದಲ್ಲಿದ್ದವು. 1065ರಲ್ಲಿ ಅಲ್ಲಿ ಬೌದ್ಧ ವಿಹಾರವೊಂದು ಕಟ್ಟಲ್ಪಟ್ಟಿತು. 1162ರ ಶಾಸನ ಅಲ್ಲಿನ ಕೋಡಿಯ ಮಠವನ್ನು ಬಗೆಬಗೆಯ ಸನ್ಯಾಸಿಗಳು ತಂಗುವ, ವಿದ್ಯೆ ಕಲಿಯುವ, ಬಡವರಿಗೂ ರೋಗಿಗಳಿಗೂ ಆಸರೆ ಸಿಗುವ ತಾಣವೆಂದು ಬಣ್ಣಿಸುತ್ತದೆ. ಅಲ್ಲಮಪ್ರಭು ಹುಟ್ಟಿದ ಊರು ಇದೇ ಎಂಬುದು ಪರಂಪರೆಯ ನಂಬಿಕೆ. ಅಕ್ಕಮಹಾದೇವಿಯ ಉಡುತಡಿಯೂ ಇದೇ ತಾಲ್ಲೂಕಿನಲ್ಲಿದೆ.

ಆದರೆ ಈ ಚಿತ್ರವನ್ನು ಬರಿಯ ಸೌಹಾರ್ದದ ಬಣ್ಣದಲ್ಲಿ ಬಳಿಯುವುದು ಸತ್ಯಕ್ಕೆ ದೂರ. ಇಲ್ಲಿಂದ ಉತ್ತರಕ್ಕೆ, ಈಗಿನ ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿ ಏಕಾಂತದ ರಾಮಯ್ಯ ಜೈನರೊಡನೆ ಪಂಥ ಕಟ್ಟಿ, ತಲೆಯನ್ನೇ ಪಣವಾಗಿಟ್ಟು ಗೆದ್ದ ಕಥೆಯನ್ನು ಅಲ್ಲಿನ ದೇವಾಲಯದ ಶಾಸನ ವಿವರವಾಗಿ ಹೇಳುತ್ತದೆ. ಆ ಗೆಲುವಿನ ಜೊತೆಗೇ ಜಿನಬಿಂಬ ಒಡೆದದ್ದೂ ದಾಖಲಾಗಿದೆ, ಅರಸ ಬಿಜ್ಜಳ ಜಯಪತ್ರ ಕೊಟ್ಟದ್ದೂ ದಾಖಲಾಗಿದೆ. ಹೀಗೆ ನಂಬಿಕೆಯನ್ನು ಹಂಚುವ ಎರಡು ದಾರಿಗಳು ಈ ನೆಲದಲ್ಲಿ ಮೊದಲೇ ಇದ್ದವು: ಒಂದು ಮಠದ ಜಗಲಿಯ ಸಂವಾದ, ಇನ್ನೊಂದು ಗೆದ್ದು ಸೋಲಿಸುವ ಪಂಥ. ಕ್ರೈಸ್ತ ಸುವಾರ್ತೆ ಕನ್ನಡಕ್ಕೆ ಬಂದಾಗ ಈ ಎರಡೂ ದಾರಿಗಳನ್ನು ಅದು ತುಳಿಯಿತು. ಯಾವ ದಾರಿ ಏನನ್ನು ಉಳಿಸಿತು ಎಂಬುದೇ ಈ ಲೇಖನದ ಪ್ರಶ್ನೆ.

ಈ ಸೀಮೆಯನ್ನು ಆಳಿದ ಕೆಳದಿಯ ಅರಸರ ಕಾಲದಲ್ಲೇ ಕ್ರೈಸ್ತರ ಪ್ರಸ್ತಾಪ ಮೊದಲ ಬಾರಿಗೆ ರಾಜಕೀಯವಾಗಿ ಮುಖ್ಯವಾಗುತ್ತದೆ. ಗೋವೆಯಿಂದ ವಲಸೆ ಬಂದ ಕೊಂಕಣಿ ಕ್ರೈಸ್ತರು ಕರಾವಳಿಯಲ್ಲಿ ಬೇಸಾಯಗಾರರಾಗಿ ನೆಲೆಸಿದ್ದರು. ಮೆಣಸು ಮತ್ತು ಅಕ್ಕಿಯ ವ್ಯಾಪಾರಕ್ಕಾಗಿ ಪೋರ್ಚುಗೀಸರೊಡನೆ ಒಪ್ಪಂದ ಮಾಡಿಕೊಂಡ ಕೆಳದಿಯ ಚೆನ್ನಮ್ಮಾಜಿ ಮಿರ್ಜಾನ, ಹೊನ್ನಾವರ, ಚಂದಾವರ, ಕಲ್ಯಾಣಪುರಗಳಲ್ಲಿ ಚರ್ಚು ಕಟ್ಟಲು ಅನುಮತಿ ಕೊಟ್ಟಳು. ಅವಳ ಆಳ್ವಿಕೆಯಲ್ಲೇ, 1681ರಲ್ಲಿ, ಗೋವೆಯ ಪಾದ್ರಿ ಜೋಸೆಫ್ ವಾಜ್ ಕೆನರಾಕ್ಕೆ ಬಂದು ಕೆಲವು ವರ್ಷ ಸೇವೆ ಸಲ್ಲಿಸಿ ಮುಂದೆ ಸಿಂಹಳಕ್ಕೆ ಹೋದರು. 2015ರ ಜನವರಿಯಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. ವಾಜ್ ಅವರ ಕೆಲಸ ಬಹುಪಾಲು ಇದ್ದ ಕ್ರೈಸ್ತರನ್ನು ಒಗ್ಗೂಡಿಸುವುದೇ ಆಗಿತ್ತು. ಘಟ್ಟದ ಮೇಲಿನ ಕನ್ನಡಿಗರಿಗೆ ಕನ್ನಡದಲ್ಲಿ ಕ್ರಿಸ್ತನ ಕಥೆ ಹೇಳುವ ಪ್ರಯತ್ನ ಬೇರೆ ಕಡೆ ಆಗಲೇ ಶುರುವಾಗಿತ್ತು. ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ 17ನೆಯ ಶತಮಾನದ ನಡುವೆ ಶ್ರೀರಂಗಪಟ್ಟಣಕ್ಕೆ ಬಂದು, ಸನ್ಯಾಸಿಯ ವೇಷ ಧರಿಸಿ, ಕನ್ನಡದ ವ್ಯಾಕರಣವನ್ನೂ ಶಬ್ದಸಂಗ್ರಹವನ್ನೂ ಧರ್ಮಬೋಧೆಯ ಪುಸ್ತಕವನ್ನೂ ಬರೆದರು. ಮಾತಾಡುವ ಮೊದಲು ಭಾಷೆಗೆ ಶರಣಾಗಬೇಕು ಎಂಬ ಅರಿವು ಅವರಲ್ಲಿತ್ತು.

ಟಿಪ್ಪುವಿನ ಕಾಲದ ಸೆರೆ ಮತ್ತು ಚದುರಿಕೆಯ ನಂತರ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಕ್ರೈಸ್ತರನ್ನು ಮತ್ತೆ ಕಲೆಹಾಕಲು ಬಂದವರು ಫ್ರಾನ್ಸಿನ ಅಬ್ಬೆ ದ್ಯುಬುವಾ. ನಾಡಿನ ಉಡುಪು ತೊಟ್ಟು, ಊರವರ ಊಟ ಉಂಡು ದಶಕಗಳನ್ನು ಇಲ್ಲಿ ಕಳೆದ ಇವರು 1823ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಅಸಾಧ್ಯ ಎಂದು ನಿರಾಶೆಯಿಂದ ಬರೆದರು. ಈ ಮಾತು ಯುರೋಪಿನ ಮಿಷನ್ ವಲಯಗಳಲ್ಲಿ ದೊಡ್ಡ ವಾದಕ್ಕೆ ಕಾರಣವಾಯಿತು. ದ್ಯುಬುವಾ ಎಣಿಸಿದ್ದು ದೀಕ್ಷಾಸ್ನಾನಗಳನ್ನು. ಎಣಿಕೆಯಲ್ಲಿ ಅವರು ತಪ್ಪಿರಲಿಲ್ಲ. ಆದರೆ ಎಣಿಕೆಗೆ ಸಿಗದ ಕೆಲಸವೊಂದು ಅಷ್ಟರಲ್ಲೇ ಬಳ್ಳಾರಿಯಲ್ಲಿ ಆರಂಭವಾಗಿತ್ತು.

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದವರು. ಇಪ್ಪತ್ತು ವರ್ಷಗಳ ದುಡಿಮೆಯಿಂದ, 1831ರ ಹೊತ್ತಿಗೆ, ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ಜೊತೆಗಾರ ವಿಲಿಯಂ ರೀವ್ ಕನ್ನಡ ಇಂಗ್ಲಿಷ್ ನಿಘಂಟು ಕಟ್ಟಿದರು. ಆ ಮೊದಲ ಅನುವಾದದ ಕನ್ನಡ ಒರಟಾಗಿದೆ. ಓದಿದವರಿಗೆ ಇದು ತಿಳಿದೇ ಇದೆ. ಮುಂದೆ ಲಂಡನ್, ವೆಸ್ಲಿಯನ್, ಬಾಸೆಲ್ ಮಿಷನ್‌ಗಳವರು ಸೇರಿ ಅದನ್ನು ತಿದ್ದಿದರು. ಈ ಮೂರು ಸಂಸ್ಥೆಗಳ ನಡುವೆ ಕನ್ನಡ ನಾಡು ಹಂಚಿಹೋಗಿತ್ತು: ಬಳ್ಳಾರಿಯ ಕಡೆ ಲಂಡನ್ ಮಿಷನ್, ಕರಾವಳಿ, ಕೊಡಗು ಮತ್ತು ಮುಂಬಯಿ ಕರ್ನಾಟಕದಲ್ಲಿ ಬಾಸೆಲ್ ಮಿಷನ್, ಮೈಸೂರು ಸಂಸ್ಥಾನದ ಬಹುಭಾಗದಲ್ಲಿ ವೆಸ್ಲಿಯನ್ನರು. ಶಿವಮೊಗ್ಗದ ಕಡೆಗೆ ಬಂದವರೂ ವೆಸ್ಲಿಯನ್ನರೇ.

ಸಂತೆ, ಜಾತ್ರೆ, ರಥಬೀದಿಗಳಲ್ಲಿ ನಿಂತು ಬೋಧಿಸುವುದು ಅವತ್ತಿನ ಮುಖ್ಯ ವಿಧಾನವಾಗಿತ್ತು. 1834ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನ ಮೊದಲ ಮೂವರಲ್ಲಿ ಒಬ್ಬರಾದ ಸ್ಯಾಮ್ಯುಯೆಲ್ ಹೆಬಿಕ್ ಜಾತ್ರೆಗಳಿಗೆ ನುಗ್ಗಿ ಬೋಧಿಸುವುದರಲ್ಲಿ ಹೆಸರಾದವರು. ಗುಬ್ಬಿಯಲ್ಲಿದ್ದ ವೆಸ್ಲಿಯನ್ ಪಾದ್ರಿ ವಿಲಿಯಂ ಆರ್ಥರ್ 1847ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅಂಥ ಮಾತುಕತೆಗಳ ಸಾಕಷ್ಟು ವಿವರವಿದೆ. ಬಾಸೆಲ್ ಮಿಷನ್ನಿನವರೇ ಆದ ಹರ್ಮನ್ ಮೊಗ್ಲಿಂಗ್ ಜಾತಿಯನ್ನೂ ವಿಗ್ರಹಾರಾಧನೆಯನ್ನೂ ಪ್ರಶ್ನಿಸುವ ಕಿರುಹೊತ್ತಗೆಗಳನ್ನು ಬರೆದು ಹಂಚಿದರು. ಜಾತಿಯ ವಿರುದ್ಧ ಅಚ್ಚಿನಲ್ಲಿ ಬಂದ ಕನ್ನಡದ ಮೊದಮೊದಲ ಮಾತುಗಳಲ್ಲಿ ಇವು ಸೇರುತ್ತವೆ. ಆ ಗೌರವ ಅವುಗಳಿಗೆ ಸಲ್ಲಬೇಕು. ಆದರೆ ಕೇಳುವವನ ದೇವರನ್ನು ಹಳಿದು ತನ್ನ ದೇವರನ್ನು ಮೆರೆಸುವ ಧಾಟಿ ಆ ಕಾಲದ ಬೋಧನೆಯಲ್ಲಿ ಬೇಕಾದಷ್ಟಿತ್ತು. ಅದು ಅಬ್ಬಲೂರಿನ ಪಂಥದ ದಾರಿ. ಅದರಿಂದ ಗಾಯವಾಯಿತು, ಫಲ ಕಡಿಮೆ ಬಂತು.

ಇದೇ ಮೊಗ್ಲಿಂಗರ ಬದುಕಿನಲ್ಲಿ ಇನ್ನೊಂದು ಪ್ರಸಂಗವಿದೆ. ನನ್ನ ಮಟ್ಟಿಗೆ ಇಡೀ ಇತಿಹಾಸದಲ್ಲೇ ಇದು ಹೆಚ್ಚು ಕಲಿಸುವಂಥದ್ದು. 1839 ಮತ್ತು 1840ರ ಸುಮಾರಿಗೆ ಹುಬ್ಬಳ್ಳಿ ಮತ್ತು ಬೆಟಗೇರಿಯ ಕಡೆ ಕಾಲಜ್ಞಾನದ ವಚನಗಳನ್ನು ನಂಬಿದ್ದ ಲಿಂಗಾಯತರ ಗುಂಪೊಂದು ಮಿಷನರಿಗಳ ಬಳಿಗೆ ಬಂತು. ನೀತಿಯ ಹೊಸ ಯುಗವೊಂದು ಬರಲಿದೆ ಎಂದು ಅವರು ಕಾಯುತ್ತಿದ್ದರು. ಮಿಷನರಿಗಳ ಬೋಧೆಯಲ್ಲಿ ಆ ನಿರೀಕ್ಷೆಯ ಉತ್ತರವನ್ನು ಕಂಡರು. ಸಾವಿರಾರು ಜನ ಕ್ರಿಸ್ತನ ಕಡೆ ಬಂದೇಬಿಟ್ಟರು ಎಂದು ಮೊಗ್ಲಿಂಗ್ ಆಸೆಪಟ್ಟರು. ಗದಗಿನ ಸಮೀಪದ ಮಲಸಮುದ್ರದಲ್ಲಿ ಅವರಿಗಾಗಿ ಬೇಸಾಯದ ನೆಲೆಯೊಂದನ್ನು ಹೂಡಲಾಯಿತು. ಬರುವವರೆಂದು ಎಣಿಸಿದ ಜನ ಬರಲಿಲ್ಲ, ನೆಲೆ ನಿಲ್ಲಲಿಲ್ಲ. ಎರಡೂ ಕಡೆಯವರು ತಮ್ಮ ತಮ್ಮ ಮಾತನ್ನೇ ಎದುರಿನವರ ಬಾಯಲ್ಲಿ ಕೇಳಿಸಿಕೊಂಡಿದ್ದರು. ಕಾಲಜ್ಞಾನಿಗಳಿಗೆ ಬೇಕಿದ್ದದ್ದು ತಮ್ಮ ಪರಂಪರೆಯ ಪೂರ್ಣತೆ. ಮೊಗ್ಲಿಂಗರಿಗೆ ಬೇಕಿದ್ದದ್ದು ಆ ಪರಂಪರೆಯನ್ನು ಬಿಟ್ಟು ಬರುವ ಸಭೆ.

ಸೋಲಿನ ನಂತರ ಮೊಗ್ಲಿಂಗ್ ಮಾಡಿದ್ದನ್ನು ಗಮನಿಸಬೇಕು. ಮಂಗಳೂರಿಗೆ ಹಿಂದಿರುಗಿದ ಅವರು 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಡಿಸಿದರು. ಅದು ಕನ್ನಡದ ಮೊದಲ ಪತ್ರಿಕೆ. 1848ರಿಂದ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಕುಮಾರವ್ಯಾಸ, ಜೈಮಿನಿ ಭಾರತ, ಬಸವಪುರಾಣ ಮುಂತಾದ ಕಾವ್ಯಗಳು ಕಲ್ಲಚ್ಚಿನಲ್ಲಿ ಹೊರಬಂದವು. ನಿವೃತ್ತ ನ್ಯಾಯಾಧೀಶ ಕಸಮೇಜರ್ ಅದಕ್ಕೆ ಹಣ ಕೊಟ್ಟರು. ದಾಸರ ಪದಗಳನ್ನು ಮೊದಲ ಬಾರಿಗೆ ಅಚ್ಚಿಗೆ ತಂದವರೂ ಮೊಗ್ಲಿಂಗರೇ. ಯಾರ ಭಕ್ತಿಯನ್ನು ಹೊತ್ತಗೆಗಳಲ್ಲಿ ಖಂಡಿಸಿದ್ದರೋ ಅವರ ಹಾಡುಗಳನ್ನು ಕೂತು ಓದಿ, ಪಾಠ ಹೋಲಿಸಿ, ಮುದ್ರಿಸಿದರು. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಈ ಕೆಲಸಕ್ಕಾಗಿ ಅವರಿಗೆ ಡಾಕ್ಟರೇಟ್ ಕೊಟ್ಟಿತು. ಬೋಧಕ ಕೇಳುಗನಾದ ಗಳಿಗೆ ಇದು.

1853ರಲ್ಲಿ ಅದೇ ಮಿಷನ್ನಿನಿಂದ ಬಂದ ಫರ್ಡಿನಾಂಡ್ ಕಿಟೆಲ್ ಆ ದಾರಿಯಲ್ಲಿ ಇನ್ನೂ ಮುಂದೆ ಹೋದರು. ಯೇಸುವಿನ ಚರಿತ್ರೆಯನ್ನು ಕನ್ನಡದ ದೇಸಿ ಛಂದಸ್ಸುಗಳಲ್ಲಿ ಹಾಡಲು ಬರುವಂತೆ 1862ರಲ್ಲಿ ‘ಕಥಾಮಾಲೆ’ ಬರೆದರು. ಗಮಕಿಯ ದನಿಗೆ ಒಗ್ಗಿದ್ದ ಕಿವಿಗೆ ಗದ್ಯದ ಸುವಾರ್ತೆ ಸಪ್ಪೆಯಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಕೇಶಿರಾಜನ ವ್ಯಾಕರಣ, ನಾಗವರ್ಮನ ಛಂದಸ್ಸು, ಕಡೆಗೆ 1894ರಲ್ಲಿ ಸುಮಾರು 70,000 ಪದಗಳ ನಿಘಂಟು: ಇವೆಲ್ಲ ಒಬ್ಬ ಸುವಾರ್ತಾ ಸೇವಕನ ಮೇಜಿನಿಂದ ಹೊರಬಂದವು. ಆ ನಿಘಂಟು ಮಿಷನ್ನಿನ ಹಣದ ದುಂದು ಎಂದು ಭಾವಿಸಿದವರೂ ಇದ್ದಿರಬೇಕು. ಅವರಿಗೆ ಕಾಲ ಉತ್ತರ ಕೊಟ್ಟಿದೆ.

ವಿದೇಶಿ ಪಾದ್ರಿಗಳ ಹೆಸರುಗಳಲ್ಲೇ ಈ ಚರಿತ್ರೆ ಮುಗಿಯುವುದು ನಮ್ಮ ಬರವಣಿಗೆಯ ದೊಡ್ಡ ದೋಷ. ಊರೂರು ಅಲೆದವರು, ಕಲ್ಲೇಟು ತಿಂದವರು, ರೋಗಿಯ ಮಂಚದ ಬಳಿ ಕೂತವರು ಬಹುಪಾಲು ಕನ್ನಡಿಗ ಉಪದೇಶಿಗಳು ಮತ್ತು ಮನೆಮನೆಗೆ ಹೋಗಿ ಹೆಂಗಸರಿಗೆ ಓದಿಹೇಳಿದ ಸ್ತ್ರೀ ಬೋಧಕಿಯರು. ಮಿಷನ್ ವರದಿಗಳಲ್ಲಿ ಅವರಿಗೆ ಒಂದು ಸಾಲು, ಕೆಲವೊಮ್ಮೆ ಬರಿಯ ಸಂಖ್ಯೆ. ನಂಬಿಕೆಯನ್ನು ಬದಲಿಸಿದವರು ತೆತ್ತ ಬೆಲೆಯೂ ಹಗುರದ್ದಲ್ಲ. 1844ರ ಜನವರಿಯಲ್ಲಿ ಮಂಗಳೂರಿನ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ದೊಡ್ಡ ಕೋಲಾಹಲವಾಯಿತು. ಅವರು ಬಾಸೆಲ್‌ನಲ್ಲಿ ಓದಿ, ದೀಕ್ಷೆ ಪಡೆದು ಮರಳಿ, ಮಂಗಳೂರಿನ ಸೆಮಿನರಿಯಲ್ಲಿ ಬಹುಕಾಲ ಕಲಿಸಿದರು. ಜಾತಿಯಿಂದಲೂ ಕುಲಕಸುಬಿನಿಂದಲೂ ಹೊರಬಿದ್ದವರಿಗೆ ಅನ್ನದ ದಾರಿ ಬೇಕಾಯಿತು. ನೇಯ್ಗೆ ಮತ್ತು ಹಂಚಿನ ಕಾರ್ಖಾನೆಗಳು ಹುಟ್ಟಿದ್ದು ಹಾಗೆ. ಅನ್ನಕ್ಕಾಗಿ ಧರ್ಮ ಬಿಟ್ಟರು ಎಂಬ ಮಾತು ಆಗಲೂ ಇತ್ತು, ಈಗಲೂ ಇದೆ. ಬಾಸೆಲ್ ಮಿಷನ್ನಿನ ಮಟ್ಟಿಗೆ ಕಾರ್ಖಾನೆ ಹುಟ್ಟಿದ್ದೇ ಮತಾಂತರದಿಂದ ಅನ್ನ ಕಳೆದುಕೊಂಡವರಿಗಾಗಿ. ಇದನ್ನು ತಿರುಗುಮುರುಗು ಮಾಡಿ ಓದಬಾರದು.

ಆ ಕನ್ನಡಿಗ ಬೋಧಕರಲ್ಲಿ ಒಬ್ಬರು ಮಾತ್ರ ನಾಡಿನ ನೆನಪಿನಲ್ಲಿ ಎತ್ತರದಲ್ಲಿ ನಿಂತಿದ್ದಾರೆ: ರೆವರೆಂಡ್ ಉತ್ತಂಗಿ ಚನ್ನಪ್ಪ (1881–1962). ಧಾರವಾಡದಲ್ಲಿ ಹುಟ್ಟಿದ, ಬಾಸೆಲ್ ಮಿಷನ್ನಿನ ಸಭಾಪಾಲಕರಾಗಿದ್ದ ಉತ್ತಂಗಿಯವರು ಹಳ್ಳಿಹಳ್ಳಿ ತಿರುಗುತ್ತ, ಜನರ ಬಾಯಿಂದಲೂ ಓಲೆಗಳಿಂದಲೂ ಸರ್ವಜ್ಞನ ತ್ರಿಪದಿಗಳನ್ನು ಕೂಡಿಹಾಕಿದರು. 1924ರಲ್ಲಿ ಆ ಸಂಗ್ರಹ ಪ್ರಕಟವಾಯಿತು. ಸರ್ವಜ್ಞನ ನಾಡೆಂದು ಹೇಳುವ ಅಬ್ಬಲೂರು ಮತ್ತು ಮಾಸೂರು ಶಿಕಾರಿಪುರದ ಮಗ್ಗುಲಲ್ಲೇ ಇವೆ. ಏಕಾಂತದ ರಾಮಯ್ಯ ತಲೆಯ ಪಣ ಕಟ್ಟಿದ ಅದೇ ಅಬ್ಬಲೂರಿನೊಂದಿಗೆ ಹೆಸರು ಬೆಸೆದುಕೊಂಡ ಕವಿಯನ್ನು ಕ್ರೈಸ್ತ ಪಾದ್ರಿಯೊಬ್ಬರು ಕನ್ನಡಕ್ಕೆ ಮರಳಿ ಒಪ್ಪಿಸಿದರು. ಬಸವಣ್ಣನ ಅನುಭವ ಮಂಟಪದ ಮೇಲೂ ಶರಣರ ಮೇಲೂ ಅವರು ಶ್ರದ್ಧೆಯಿಂದ ಬರೆದರು. ಆದರೆ ಹೀಗೆ ಬರೆಯುವಾಗ ತಮ್ಮ ನಂಬಿಕೆಯನ್ನು ಬಚ್ಚಿಟ್ಟವರಲ್ಲ. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬ ಅವರ ಕೃತಿ ಹಿಂದೂ ಸಹೋದರರಿಗೆ ಕ್ರಿಸ್ತನನ್ನು ಕುರಿತು ನೇರವಾಗಿ ಹೇಳಿದ ಮಾತು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷರನ್ನಾಗಿ ಕೂರಿಸಿತು. ತನ್ನ ಸಾಕ್ಷಿಯನ್ನು ಪೂರ್ತಿಯಾಗಿ ಹೇಳುವುದಕ್ಕೂ ಎದುರಿನವರ ಶರಣರನ್ನು ಮನಸಾರೆ ಗೌರವಿಸುವುದಕ್ಕೂ ವಿರೋಧವಿಲ್ಲ ಎಂಬುದನ್ನು ಬದುಕಿ ತೋರಿಸಿದ ಇನ್ನೊಂದು ಉದಾಹರಣೆ ಕನ್ನಡದಲ್ಲಿ ನನಗೆ ಕಂಡಿಲ್ಲ.

ಹೇಳಿದ ಮಾತು ಎಲ್ಲಿ ತಲುಪುತ್ತದೆ ಎಂಬುದೂ ಹೇಳುವವರ ಕೈಯಲ್ಲಿಲ್ಲ. ಗಡಿಯ ಮಂಜೇಶ್ವರದಲ್ಲಿದ್ದ ಕವಿ ಗೋವಿಂದ ಪೈಗಳು ಕ್ರಿಸ್ತನ ಕಡೆಯ ದಿನವನ್ನು ಕುರಿತು ‘ಗೊಲ್ಗೊಥಾ’ ಖಂಡಕಾವ್ಯ ಬರೆದರು. ಅವರು ಚರ್ಚಿಗೆ ಸೇರಲಿಲ್ಲ. ಆದರೂ ಶಿಲುಬೆಯ ಕಥೆ ಆ ಕಾವ್ಯದ ಮೂಲಕ ಮುಟ್ಟಿದ ಕನ್ನಡಿಗರ ಸಂಖ್ಯೆ ಯಾವ ಸಂತೆಬೋಧನೆಗಿಂತಲೂ ಕಡಿಮೆಯಿರಲಾರದು. ಕಾವ್ಯಕ್ಕೆ ಹೀಗೆ ದಕ್ಕಿದ ಕನ್ನಡ ಚರ್ಚಿನೊಳಗೆ ಬರಲು ತಡವಾಯಿತು: ಕಥೋಲಿಕರ ಆರಾಧನೆ ಲತೀನ್‌ನಿಂದ ಕನ್ನಡಕ್ಕೆ ತಿರುಗಲು ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ತೀರ್ಮಾನ ಬರಬೇಕಾಯಿತು. ಶಿವಮೊಗ್ಗ ಧರ್ಮಪ್ರಾಂತ ಸ್ಥಾಪನೆಯಾದದ್ದು 1988ರಲ್ಲಿ. ಶಿಕಾರಿಪುರ ಮತ್ತು ಸೊರಬ ಈಗ ಅದರ ವ್ಯಾಪ್ತಿಯಲ್ಲಿವೆ.

ಸ್ವತಂತ್ರ ಭಾರತದ ಸಂವಿಧಾನದ 25ನೆಯ ವಿಧಿ ಧರ್ಮವನ್ನು ನಂಬುವ, ಆಚರಿಸುವ ಹಕ್ಕಿನ ಜೊತೆಗೆ ಪ್ರಸಾರ ಮಾಡುವ ಹಕ್ಕನ್ನೂ ಕೊಟ್ಟಿದೆ. 1977ರ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪ್ರಸಾರದ ಹಕ್ಕೆಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದಿತು. ಕರ್ನಾಟಕ 2022ರಲ್ಲಿ ಮತಾಂತರ ನಿಯಂತ್ರಣದ ಕಾಯ್ದೆ ತಂದಿತು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ಹಿಂದೆಗೆಯಲು ನಿರ್ಧರಿಸಿತು. ಮತಾಂತರದ ಈ ವಾದಗಳಲ್ಲಿ ಎರಡೂ ಕಡೆಯವರು ಚರಿತ್ರೆಯನ್ನು ಕರೆಯುತ್ತಾರೆ, ಆದರೆ ಕೆಲವೇ ಪುಟಗಳನ್ನು ತೆರೆಯುತ್ತಾರೆ. ಮಲಸಮುದ್ರದ ಸೋಲನ್ನೂ ಉತ್ತಂಗಿಯವರ ಬಾಳನ್ನೂ ಜೊತೆಗಿಟ್ಟು ಓದಿದರೆ ಮಾತಿನ ಕಾವು ಬೇರೆಯಾದೀತು.

ಆ ಓದಿಗೆ ಬೇಕಾದ ಸಾಮಗ್ರಿಯ ಒಂದು ಭಾಗ ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲೂ ಬಾಸೆಲ್‌ನಲ್ಲೂ ಇದೆ. ಇನ್ನೊಂದು ಭಾಗ ಮನೆಗಳಲ್ಲಿದೆ. ಶಿವಮೊಗ್ಗ, ಶಿಕಾರಿಪುರ, ಸೊರಬ, ಸಾಗರದ ಹಳೆಯ ಕ್ರೈಸ್ತ ಕುಟುಂಬಗಳಲ್ಲಿ ಉಪದೇಶಿಯಾಗಿದ್ದ ಅಜ್ಜನ ದಿನಚರಿ, ಬೋಧಕಿಯಾಗಿದ್ದ ಅಜ್ಜಿಯ ಕೀರ್ತನೆಯ ಪುಸ್ತಕ, ಸಭೆಯ ಹಳೆಯ ದಾಖಲೆ ಏನಿದ್ದರೂ ಅದನ್ನು ರದ್ದಿಗೆ ಹಾಕಬೇಡಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಇತಿಹಾಸ ವಿದ್ಯಾರ್ಥಿಗಳು ಅವನ್ನು ಕೇಳಿಕೊಂಡು ಬಾಗಿಲಿಗೆ ಬಂದರೆ ಓದಲು ಕೊಡಿ, ನಕಲು ತೆಗೆಯಲು ಬಿಡಿ.