ವಿಮಾನಯಾನದಲ್ಲಿ ಸಾರ್ವಜನಿಕ ಸಂಪರ್ಕ ವೃತ್ತಿ

ವಿಮಾನಯಾನ ಕಂಪನಿಯ ಪರವಾಗಿ ಪತ್ರಕರ್ತರು, ಸರ್ಕಾರ, ಪ್ರಯಾಣಿಕರು ಮತ್ತು ಷೇರುದಾರರೊಡನೆ ವ್ಯವಹರಿಸುವ ಉದ್ಯೋಗ. ಜಾಹೀರಾತಿನ ಜಾಗವನ್ನು ಹಣ ಕೊಟ್ಟು ಕೊಳ್ಳಬಹುದು. ಸುದ್ದಿಯ ಜಾಗವನ್ನು ಸಾರ್ವಜನಿಕ ಸಂಪರ್ಕಾಧಿಕಾರಿ ನಂಬಿಕೆಯಿಂದಲೇ ಗಳಿಸಬೇಕು. ಭಾರತದಲ್ಲಿ ಇದರ ಹಳೆಯ ಮಾದರಿ, 1946ರಲ್ಲಿ ಬಾಬಿ ಕೂಕಾ ಮತ್ತು ಕಲಾವಿದ ಉಮೇಶ್ ರಾವ್ ರೂಪಿಸಿದ, ಏರ್ ಇಂಡಿಯಾದ ಗುರುತಿನ ಚಿತ್ರವಾದ 'ಮಹಾರಾಜ'. ಕರ್ನಾಟಕದ ಮಟ್ಟಿಗೆ ಗಮನಿಸಬೇಕಾದದ್ದು ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಕಟ್ಟಿದ ಏರ್ ಡೆಕ್ಕನ್.

ಗೋಪಿನಾಥ್ ಹುಟ್ಟಿದ್ದು 1951ರಲ್ಲಿ, ಮೇಲುಕೋಟೆಯಲ್ಲಿ, ಬೆಳೆದದ್ದು ಗೊರೂರಿನಲ್ಲಿ. ವಿಜಾಪುರದ ಸೈನಿಕ ಶಾಲೆಯಲ್ಲಿ ಓದಿ ಸೇನೆ ಸೇರಿದರು. ಹೇಮಾವತಿ ಜಲಾಶಯದಲ್ಲಿ ಕುಟುಂಬದ ಜಮೀನು ಮುಳುಗಡೆಯಾಗಿ, ಬದಲಿಗೆ ಸಿಕ್ಕ ಭೂಮಿ ಅರಸೀಕೆರೆ ತಾಲ್ಲೂಕಿನ ಜಾವಗಲ್ ಬಳಿ ಇತ್ತು. ಸೇನೆ ಬಿಟ್ಟು ಬಂದು ಅಲ್ಲಿ ರೇಷ್ಮೆ ಬೆಳೆದರು. ಆ ಕೃಷಿಗೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ಹಾಸನದಲ್ಲಿ ಮೋಟಾರ್‌ಸೈಕಲ್ ಏಜೆನ್ಸಿಯನ್ನೂ ನಡೆಸಿದರು. 1997ರಲ್ಲಿ ಹೆಲಿಕಾಪ್ಟರ್ ಬಾಡಿಗೆ ಸೇವೆ, 2003ರಲ್ಲಿ ಅಗ್ಗದ ದರದ ಏರ್ ಡೆಕ್ಕನ್ ಆರಂಭವಾದವು. ಸೈನಿಕ, ರೈತ, ಸಣ್ಣ ಊರಿನ ವ್ಯಾಪಾರಿ: ಪ್ರಚಾರ ವಿಭಾಗ ಕೂತು ಹೆಣೆದರೂ ಇಂಥ ಕಥೆ ಸಿಗುತ್ತಿರಲಿಲ್ಲ. ಕಂಪನಿಯ ಮೊದಲ ವಕ್ತಾರರು ಸ್ವತಃ ಮಾಲೀಕರೇ ಆಗಿದ್ದರು.

ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣ್ ಅವರ 'ಶ್ರೀಸಾಮಾನ್ಯ' ಕಂಪನಿಯ ಗುರುತಾದ. ಮಗ ಕಳಿಸಿದ ಟಿಕೆಟ್ ಕೈಗೆ ಬಂದು ಮೊದಲ ಸಲ ವಿಮಾನ ಹತ್ತುವ ಹಳ್ಳಿಯ ಮುದುಕನ ಟಿವಿ ಜಾಹೀರಾತು ಜನರ ನೆನಪಿನಲ್ಲಿ ಉಳಿಯಿತು. ಪೆಟ್ರೋಲ್ ಬಂಕುಗಳಲ್ಲೂ ಟಿಕೆಟ್ ಮಾರಿದರು. ಒಂದು ರೂಪಾಯಿ ಟಿಕೆಟ್ಟಂತೂ ಲೆಕ್ಕಾಚಾರದ ಜಾಣತನ. ತೆರಿಗೆ ಬೇರೆ, ಸೀಟುಗಳೂ ಕೆಲವೇ. ಆದರೆ ಅದು ತಂದ ಸುದ್ದಿಯನ್ನು ಕೋಟಿ ಕೊಟ್ಟರೂ ಕೊಳ್ಳಲಾಗದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದವರು ವಿಮಾನ ಹತ್ತಲು ಬೆಂಗಳೂರಿಗೇ ಹೋಗಬೇಕಾಗಿದ್ದರೂ, ನಮ್ಮ ಜಿಲ್ಲೆಯವರ ವಿಮಾನ ಎಂಬ ಅಭಿಮಾನಕ್ಕೆ ಆ ದೂರ ಅಡ್ಡಿಯಾಗಲಿಲ್ಲ.

ವೃತ್ತಿಯ ನಿಜವಾದ ಪರೀಕ್ಷೆ ಕೆಟ್ಟ ದಿನದಲ್ಲಿ. 2003ರಲ್ಲೇ ಹೈದರಾಬಾದ್–ವಿಜಯವಾಡ ಉದ್ಘಾಟನಾ ಹಾರಾಟದ ವೇಳೆ, ಎಂ. ವೆಂಕಯ್ಯ ನಾಯ್ಡು ಸೇರಿದಂತೆ ಗಣ್ಯರು ಒಳಗಿದ್ದಾಗಲೇ ಎಂಜಿನ್ನಿನಲ್ಲಿ ಬೆಂಕಿ ಕಾಣಿಸಿಕೊಂಡಿತು. ಯಾರಿಗೂ ಅಪಾಯವಾಗಲಿಲ್ಲ, ಆದರೆ ಆ ಉದ್ಘಾಟನೆಗೆ ಪತ್ರಕರ್ತರನ್ನು ಕರೆದದ್ದು ಕಂಪನಿಯೇ ಆಗಿತ್ತು. ಕಂಪನಿ ಆ ಪೆಟ್ಟಿನಿಂದ ಚೇತರಿಸಿಕೊಂಡಿತು. ಚೇತರಿಸಿಕೊಳ್ಳಲಾಗದೆ ಹೋದದ್ದು ದಿನದಿನದ ವಿಳಂಬದಿಂದ. ಅರವತ್ತಕ್ಕೂ ಹೆಚ್ಚು ಊರುಗಳಿಗೆ ಹಾರಾಟ ಹಬ್ಬಿದಂತೆ ತಡವಾಗುವ, ರದ್ದಾಗುವ ವಿಮಾನಗಳ ದೂರುಗಳೂ ಬೆಳೆದವು. ಬೆಂಕಿಯ ಬಗ್ಗೆ ಒಮ್ಮೆ ವಿವರಣೆ ಕೊಟ್ಟರೆ ಮುಗಿಯಿತು. ಮೂರು ಗಂಟೆ ಕಾದು ಕುಳಿತವನಿಗೆ ಯಾವ ಪ್ರಕಟಣೆಯೂ ಸಮಾಧಾನವಲ್ಲ. 2007ರಲ್ಲಿ ವಿಜಯ್ ಮಲ್ಯ ಅವರ ಯುಬಿ ಸಮೂಹ ಶೇ. 26ರಷ್ಟು ಪಾಲು ಕೊಂಡಿತು. 2008ರಲ್ಲಿ ಏರ್ ಡೆಕ್ಕನ್ 'ಕಿಂಗ್‌ಫಿಷರ್ ರೆಡ್' ಆಯಿತು. ಹೆಸರಿನೊಡನೆ ಶ್ರೀಸಾಮಾನ್ಯನೂ ಹೋದ. ಮಲ್ಯ ಅವರ ಕಿಂಗ್‌ಫಿಷರ್ ವಿಮಾನಯಾನದ ಹಾರಾಟವೇ 2012ರಲ್ಲಿ ನಿಂತಿತು.

ಸಾರ್ವಜನಿಕ ಸಂಪರ್ಕದ ಕೆಲಸಕ್ಕೆ ಬರುವವರಲ್ಲಿ ಹೆಚ್ಚಿನವರು ಪತ್ರಿಕೋದ್ಯಮ ಓದಿದವರು ಅಥವಾ ಪತ್ರಿಕೆಗಳಲ್ಲಿ ದುಡಿದವರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿ 1951ರಲ್ಲೇ ಪತ್ರಿಕೋದ್ಯಮ ಬೋಧನೆ ಆರಂಭಿಸಿದ್ದರಿಂದ ಹಾಸನದ ಕಡೆಯ ವಿದ್ಯಾರ್ಥಿಗಳಿಗೆ ಈ ಓದು ದೂರದ್ದೇನೂ ಆಗಿರಲಿಲ್ಲ. ಕೆಲಸಕ್ಕೆ ಹೊತ್ತುಗೊತ್ತಿಲ್ಲ, ಮಂಜು, ಮುಷ್ಕರ, ಅಪಘಾತ ಯಾವುದೂ ಕಚೇರಿ ವೇಳೆ ನೋಡಿ ಬರುವುದಿಲ್ಲ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಮಂದಿ ಸತ್ತಂಥ ವಿಮಾನ ದುರಂತ ನಡೆದಾಗ ಪತ್ರಿಕೆಗಳಿಗಿಂತ ಮೊದಲು ಕುಟುಂಬಗಳಿಗೆ ಸರಿಯಾದ ಮಾಹಿತಿ ಮುಟ್ಟಬೇಕು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಕಂಪನಿಗಳ ಸಮಯಪಾಲನೆ ಮತ್ತು ದೂರುಗಳ ಅಂಕಿಅಂಶಗಳನ್ನು ಪ್ರತಿ ತಿಂಗಳೂ ಪ್ರಕಟಿಸುವುದರಿಂದ ಈಗ ಮಾತಿನಲ್ಲಿ ಮರೆಮಾಚುವುದು ಕಷ್ಟ.

ಗೋಪಿನಾಥ್ ಅವರ ಆತ್ಮಕಥೆ 'ಬಾನಯಾನ' ಕನ್ನಡದಲ್ಲಿ ಲಭ್ಯವಿದೆ. ಅದನ್ನು ಆಧರಿಸಿದ ತಮಿಳು ಚಿತ್ರ 'ಸೂರರೈ ಪೋಟ್ರು' 2020ರಲ್ಲಿ ಬಂತು. ಈ ವೃತ್ತಿ ಬಯಸುವವರು ಸಿನಿಮಾ ನೋಡಿ ನಿಲ್ಲದೆ ಪುಸ್ತಕವನ್ನೂ, ಜತೆಗೆ ಮಹಾನಿರ್ದೇಶನಾಲಯದ ಮಾಸಿಕ ವರದಿಯನ್ನೂ ಓದುವುದು ಒಳ್ಳೆಯದು.